ಪರದೆ ಅಡ್ಡಕ್ಕೆ ಹರಿದಂತೆ ಕಾಣುತ್ತಿದೆಯೇ? ಸ್ಕ್ರೀನ್ ಟೇರಿಂಗ್ ಮೂಲ ಹಿಡಿಯುವ ಬಗೆ

ಗೇಮ್‌ನಲ್ಲಿ ಕ್ಯಾಮೆರಾ ಪಕ್ಕಕ್ಕೆ ತಿರುಗಿಸುತ್ತೀರಿ. ಎದುರಿಗಿದ್ದ ಕಂಬ ನಡುವೆ ಮುರಿದ ಹಾಗೆ ಕಾಣುತ್ತದೆ. ಮೇಲಿನ ತುಂಡು ಒಂದು ಕಡೆ, ಕೆಳಗಿನ ತುಂಡು ಒಂದು ಬೆರಳು ಆಚೆ. ವಿಡಿಯೊದಲ್ಲಿ ಯಾರಾದರೂ ಅಡ್ಡ ಓಡಿದರೆ ಸೊಂಟದ ಹತ್ತಿರ ಗೆರೆ ಬಿದ್ದು, ಕಾಲು ಮುಂದೆ ಹೋಗಿ ತಲೆ ಹಿಂದೆ ಉಳಿಯುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಸರಿಹೋಗುತ್ತದೆ, ಮತ್ತೆ ಬರುತ್ತದೆ. ಇದೇ ಸ್ಕ್ರೀನ್ ಟೇರಿಂಗ್.

"ವಿ-ಸಿಂಕ್ ಆನ್ ಮಾಡಿ, ಸರಿಹೋಗುತ್ತೆ" ಅನ್ನುವುದು ಎಲ್ಲರೂ ಕೊಡುವ ಸಲಹೆ. ವಿ-ಸಿಂಕ್ ಎಂದರೆ ಚಿತ್ರ ಕಳಿಸುವುದನ್ನು ಪರದೆಯ ತಾಳಕ್ಕೆ ಹೊಂದಿಸುವ ಸೆಟ್ಟಿಂಗ್. ಕೆಲವು ಸಲ ಅಷ್ಟೇ ಸಾಕು. ಆದರೆ ಎಲ್ಲಿ ಆನ್ ಮಾಡಬೇಕು? ಗೇಮ್‌ನಲ್ಲೋ, ಗ್ರಾಫಿಕ್ಸ್ ಕಾರ್ಡ್ ನಡೆಸುವ ತಂತ್ರಾಂಶವಾದ ಡ್ರೈವರ್‌ನಲ್ಲೋ, ಡೆಸ್ಕ್‌ಟಾಪ್‌ನಲ್ಲೋ? ಮೂರರಲ್ಲೂ ಆನ್ ಮಾಡಿಟ್ಟು, ಗೆರೆ ಹೋಯಿತು ಆದರೆ ಮೌಸ್ ಎಳೆದ ಹಾಗಾಗುತ್ತಿದೆ ಎಂದು ಕೂರುವವರೇ ಜಾಸ್ತಿ. ಹಾಗಾಗಿ ಮೊದಲು ಯಾವ ಹಂತದಲ್ಲಿ ತಾಳ ತಪ್ಪಿದೆ ಎಂದು ಹಿಡಿಯೋಣ. ಸೆಟ್ಟಿಂಗ್ ಮುಟ್ಟುವುದು ಆಮೇಲೆ.

ಒಳಗೆ ನಡೆಯುವುದು ಇಷ್ಟು

ಮಾನಿಟರ್ ಇಡೀ ಚಿತ್ರವನ್ನು ಒಂದೇ ಏಟಿಗೆ ಬದಲಿಸುವುದಿಲ್ಲ. ಮೇಲಿನ ಸಾಲಿನಿಂದ ಶುರು ಮಾಡಿ ಒಂದೊಂದೇ ಸಾಲು ಬರೆಯುತ್ತಾ ಕೆಳಗೆ ಬರುತ್ತದೆ. 60 ಹರ್ಟ್ಜ್, ಅಂದರೆ ಸೆಕೆಂಡಿಗೆ 60 ಸಲ ಬರೆಯುವ ಮಾನಿಟರ್‌ನಲ್ಲಿ ಇಂಥ ಒಂದು ಸುತ್ತಿಗೆ 16.7 ಮಿಲಿಸೆಕೆಂಡ್ ಬೇಕು. 144 ಹರ್ಟ್ಜ್ ಆದರೆ ಸುಮಾರು 6.9. ಕೊನೆಯ ಸಾಲು ಮುಗಿದು ಮತ್ತೆ ಮೊದಲ ಸಾಲು ಶುರುವಾಗುವ ನಡುವೆ ಒಂದು ಸಣ್ಣ ಬಿಡುವಿದೆ. 1080ಪಿ, 60 ಹರ್ಟ್ಜ್‌ನ ಸಾಮಾನ್ಯ ಸಿಗ್ನಲ್‌ನಲ್ಲಿ ಒಟ್ಟು 1125 ಸಾಲುಗಳ ಲೆಕ್ಕ. ಅದರಲ್ಲಿ ಕಣ್ಣಿಗೆ ಕಾಣುವುದು 1080. ಉಳಿದ 45 ಸಾಲು ಹಿಡಿಯುವ ಹೊತ್ತೇ ಆ ಬಿಡುವು. ಮುಕ್ಕಾಲು ಮಿಲಿಸೆಕೆಂಡೂ ಇಲ್ಲ.

ಇನ್ನೊಂದು ಕಡೆ ಗ್ರಾಫಿಕ್ಸ್ ಕಾರ್ಡ್ ತನ್ನ ಪಾಡಿಗೆ ಫ್ರೇಮ್ (ಒಂದೊಂದು ಪೂರ್ತಿ ಚಿತ್ರ) ತಯಾರು ಮಾಡುತ್ತಿರುತ್ತದೆ. ಒಂದು ಬಫರ್ (ಚಿತ್ರ ಇಡುವ ಮೆಮೊರಿ ಜಾಗ) ಪರದೆಗೆ ಹೋಗುತ್ತಿರುವಾಗ ಇನ್ನೊಂದು ಬಫರ್‌ನಲ್ಲಿ ಮುಂದಿನ ಚಿತ್ರ ಬರೆಯುತ್ತದೆ, ಮುಗಿದ ಕೂಡಲೇ ಎರಡನ್ನೂ ಅದಲುಬದಲು ಮಾಡುತ್ತದೆ. ಈ ಅದಲುಬದಲು ಆ ಸಣ್ಣ ಬಿಡುವಿನಲ್ಲಿ ನಡೆದರೆ ಯಾರಿಗೂ ಗೊತ್ತಾಗುವುದಿಲ್ಲ. ಮಾನಿಟರ್ ಅರ್ಧ ಬರೆದಿರುವಾಗ ನಡೆದರೆ, ಮೇಲೆ ಹಳೆಯ ಫ್ರೇಮ್, ಕೆಳಗೆ ಹೊಸ ಫ್ರೇಮ್. ನೀವು ಪುಟ ಓದುತ್ತಿರುವಾಗ ಅರ್ಧಕ್ಕೇ ಯಾರೋ ಮುಂದಿನ ಪುಟ ತಿರುವಿದ ಹಾಗೆ. ವಿ-ಸಿಂಕ್ ಮಾಡುವ ಕೆಲಸ ಇಷ್ಟೇ: "ಬಿಡುವು ಬರುವವರೆಗೆ ಕಾಯಿ" ಎಂದು ಗ್ರಾಫಿಕ್ಸ್ ಕಾರ್ಡ್‌ಗೆ ಹೇಳುವುದು.

ಇಲ್ಲೊಂದು ತಪ್ಪು ತಿಳಿವಳಿಕೆ ಬಹಳ ಕಡೆ ಓಡಾಡುತ್ತಿದೆ. ಫ್ರೇಮ್ ರೇಟ್ (ಕಾರ್ಡ್ ಸೆಕೆಂಡಿಗೆ ತಯಾರಿಸುವ ಫ್ರೇಮ್‌ಗಳು) ರಿಫ್ರೆಶ್ ರೇಟ್‌ಗಿಂತ (ಪರದೆ ಸೆಕೆಂಡಿಗೆ ಬರೆಯುವ ಸುತ್ತುಗಳು) ಜಾಸ್ತಿಯಾದರೆ ಮಾತ್ರ ಟೇರಿಂಗ್ ಬರುತ್ತದಂತೆ. ಹಾಗೇನಿಲ್ಲ. 60 ಹರ್ಟ್ಜ್ ಪರದೆಯಲ್ಲಿ ಗೇಮ್ 45 ಫ್ರೇಮ್‌ನಲ್ಲಿ ಓಡುತ್ತಿದ್ದರೂ ಪ್ರತಿ ಅದಲುಬದಲು ಎಲ್ಲಿ ಬೇಕಾದರೂ ಬೀಳಬಹುದು. ಸೆಕೆಂಡಿಗೆ 45 ಗೆರೆ ಬೀಳಲು ಅವಕಾಶವಿದೆ. ನಿಜ ಹೇಳಬೇಕೆಂದರೆ ಕಡಿಮೆ ಫ್ರೇಮ್‌ನಲ್ಲಿ ಗೆರೆ ಇನ್ನೂ ಕೆಟ್ಟದಾಗಿ ಕಾಣುತ್ತದೆ. ಲೆಕ್ಕ ಹಾಕಿ ನೋಡಿ: 1920 ಪಿಕ್ಸೆಲ್ ಅಗಲವನ್ನು ಒಂದು ಸೆಕೆಂಡಿನಲ್ಲಿ ದಾಟುವ ವಸ್ತು 60 ಫ್ರೇಮ್‌ನಲ್ಲಿ ಹೆಜ್ಜೆಗೆ 32 ಪಿಕ್ಸೆಲ್ ಸರಿಯುತ್ತದೆ. ಗೆರೆಯ ಆಚೀಚೆ ಅಷ್ಟು ಅಂತರ ಕಾಣುತ್ತದೆ. 240 ಫ್ರೇಮ್ ಆದರೆ ಬರೀ 8 ಪಿಕ್ಸೆಲ್. ಗೆರೆಗಳ ಸಂಖ್ಯೆ ಜಾಸ್ತಿ, ಆದರೆ ಒಂದೊಂದೂ ಸಣ್ಣದು.

ಇದು ನಿಜಕ್ಕೂ ಟೇರಿಂಗ್ ಹೌದೇ?

ಅರ್ಧಕ್ಕರ್ಧ ತಲೆನೋವು ಇಲ್ಲೇ ಕಳೆಯುತ್ತದೆ. ಬೇರೆ ಏನೋ ಆಗಿರುವಾಗ ವಿ-ಸಿಂಕ್ ಹುಡುಕುತ್ತಾ ಕೂತರೆ ಪ್ರಯೋಜನವಿಲ್ಲ.

ಮೊದಲು ಚಲನೆ ನಿಲ್ಲಿಸಿ. ಗೇಮ್‌ನಲ್ಲಿ ಸುಮ್ನೆ ನಿಂತುಕೊಳ್ಳಿ, ವಿಡಿಯೊ ಪಾಜ್ ಮಾಡಿ. ಟೇರಿಂಗ್ ಆದರೆ ಗೆರೆ ಮಾಯವಾಗಲೇಬೇಕು, ಯಾಕೆಂದರೆ ಹಳೆಯ ಫ್ರೇಮ್‌ಗೂ ಹೊಸ ಫ್ರೇಮ್‌ಗೂ ಆಗ ವ್ಯತ್ಯಾಸವೇ ಇಲ್ಲ. ನಿಂತ ಚಿತ್ರದಲ್ಲೂ ಗೆರೆ ಹಾಗೇ ಇದ್ದರೆ ಎರಡು ಸಾಧ್ಯತೆ. ಆ ವಿಡಿಯೊದಲ್ಲಿ ಮಾತ್ರ, ಅದೇ ಜಾಗದಲ್ಲಿ ಪ್ರತಿ ಸಲ ಬಂದರೆ ರೆಕಾರ್ಡ್ ಮಾಡುವಾಗಲೇ ಹರಿದಿದೆ. ನಿಮ್ಮ ಕಂಪ್ಯೂಟರ್‌ನಲ್ಲಿ ಏನು ಮಾಡಿದರೂ ಅದು ಹೋಗುವುದಿಲ್ಲ. ಡೆಸ್ಕ್‌ಟಾಪ್ ಚಿತ್ರದ ಮೇಲೂ ಗೆರೆ ಇದ್ದರೆ ಪ್ಯಾನೆಲ್, ಕೇಬಲ್ ಅಥವಾ ಗ್ರಾಫಿಕ್ಸ್ ಕಾರ್ಡ್ ಕಡೆ ನೋಡಬೇಕು.

ಆಮೇಲೆ ಸ್ಕ್ರೀನ್‌ಶಾಟ್ ತೆಗೆಯಿರಿ. ಸ್ಕ್ರೀನ್‌ಶಾಟ್ ಸಾಮಾನ್ಯವಾಗಿ ಪೂರ್ತಿಯಾದ ಫ್ರೇಮನ್ನೇ ಹಿಡಿಯುತ್ತದೆ. ಟೇರಿಂಗ್ ಹುಟ್ಟುವುದು ಆ ಫ್ರೇಮ್ ಪರದೆಗೆ ಹೋಗುವ ದಾರಿಯಲ್ಲಿ. ಹಾಗಾಗಿ ಸ್ಕ್ರೀನ್‌ಶಾಟ್ ಸ್ವಚ್ಛವಾಗಿ ಬಂದರೆ ನಿಮ್ಮ ಅನುಮಾನ ಸರಿಯಾದ ಕಡೆಯೇ ಇದೆ. ಸ್ಕ್ರೀನ್‌ಶಾಟ್‌ನಲ್ಲೂ ಚಿತ್ರ ಒಡೆದಿದ್ದರೆ ಚಿತ್ರ ತಯಾರಾಗುವ ಹಂತದಲ್ಲೇ ಏನೋ ಎಡವಟ್ಟಾಗಿದೆ.

ಫೋನಿನಲ್ಲಿ ಪರದೆಯ ಫೋಟೊ ತೆಗೆದು "ನೋಡಿ, ಟೇರಿಂಗ್" ಎಂದು ತೋರಿಸುವವರಿದ್ದಾರೆ. ಆ ಫೋಟೊ ನಂಬಬೇಡಿ. ಮಾನಿಟರ್ ಬರೆಯುತ್ತಿರುವ ಹೊತ್ತಿಗೇ ಕ್ಯಾಮೆರಾ ಕ್ಲಿಕ್ ಆದರೆ ಯಾವ ದೋಷವೂ ಇಲ್ಲದ ಪರದೆ ಕೂಡ ಅರ್ಧ ಹಳೆಯದು, ಅರ್ಧ ಹೊಸದು ಎಂದು ಕಾಣುತ್ತದೆ. ಬದಲಿಗೆ 240 ಫ್ರೇಮ್‌ನ ಸ್ಲೋ ಮೋಷನ್ ವಿಡಿಯೊ ತೆಗೆಯಿರಿ. 60 ಹರ್ಟ್ಜ್ ಪರದೆಯ ಒಂದು ಸುತ್ತಿಗೆ ನಾಲ್ಕು ಫ್ರೇಮ್ ಸಿಗುತ್ತದೆ. ಸರಿಯಾಗಿರುವ ಪರದೆಯಲ್ಲಿ ಹಳೆಯದು-ಹೊಸದರ ಗಡಿ ಮೇಲಿನಿಂದ ಕೆಳಗೆ ಒರೆಸಿಕೊಂಡು ಹೋಗಿ ಮುಗಿಯುತ್ತದೆ. ಟೇರಿಂಗ್ ಇದ್ದರೆ ಗಡಿ ಒಂದು ಎತ್ತರದಲ್ಲಿ ನಿಂತುಬಿಡುತ್ತದೆ, ಮುಂದಿನ ಸುತ್ತು ಬಂದು ಅಳಿಸುವವರೆಗೆ.

ಟೇರಿಂಗ್ ಎಂದು ತಪ್ಪಾಗಿ ಕರೆಸಿಕೊಳ್ಳುವ ಬೇರೆ ತೊಂದರೆಗಳೂ ಇವೆ. ವಸ್ತುವಿನ ಹಿಂದೆ ಮಸುಕಾದ ಬಾಲ ಬಂದರೆ ಅದು ಘೋಸ್ಟಿಂಗ್. ಮಾನಿಟರ್ ಮೆನುವಿನಲ್ಲಿ ಪಿಕ್ಸೆಲ್ ಬೇಗ ಬದಲಾಗಿಸುವ ಓವರ್‌ಡ್ರೈವ್ ಸೆಟ್ಟಿಂಗ್ ನೋಡಿ. ಚಿತ್ರ ಒಡೆಯದೆ ಬರೀ ತಡವರಿಸಿದರೆ ಅದು ಸ್ಟಟರ್. 24 ಫ್ರೇಮ್‌ನ ಸಿನಿಮಾ 60 ಹರ್ಟ್ಜ್ ಪರದೆಯಲ್ಲಿ ಓಡುವಾಗ ಒಂದು ಫ್ರೇಮ್ ಮೂರು ಸುತ್ತು, ಮುಂದಿನದು ಎರಡು ಸುತ್ತು ನಿಲ್ಲುತ್ತದೆ. ಕ್ಯಾಮೆರಾ ನಿಧಾನವಾಗಿ ಸರಿಯುವಾಗ ಆ ಕುಂಟು ನಡೆ ಗೊತ್ತಾಗುತ್ತದೆ. ಅದೂ ಟೇರಿಂಗ್ ಅಲ್ಲ. ಮಿನುಗುವ ಚುಕ್ಕೆ, ಆಗಾಗ ಪರದೆ ಕಪ್ಪಾಗುವುದು ಕೇಬಲ್ ಕೆಲಸ. ಬಣ್ಣಬಣ್ಣದ ಚೌಕ, ತ್ರಿಕೋನ ಹಾರಾಡಿದರೆ ಗ್ರಾಫಿಕ್ಸ್ ಕಾರ್ಡ್‌ನ ಬಿಸಿ ಅಥವಾ ಮೆಮೊರಿ ಮೇಲೆ ಅನುಮಾನ ಪಡಿ. ವೇಗವಾಗಿ ಸರಿಯುವ ನೇರ ಕಂಬ ಮುರಿಯದೆ ಸ್ವಲ್ಪ ವಾಲಿದ ಹಾಗೆ ಕಂಡರೆ ಚಿಂತೆ ಬೇಡ. ಸಾಲುಸಾಲಾಗಿ ಬರೆಯುವ ಪರದೆಯ ಸ್ವಭಾವವೇ ಅದು.

ಗೆರೆ ಯಾವ ದಿಕ್ಕಿಗಿದೆ ಎಂಬುದನ್ನೂ ಗಮನಿಸಿ. ಟೇರಿಂಗ್ ಅಡ್ಡಗೆರೆ. ಉದ್ದಗೆರೆ ಬಂದರೆ ಬೇರೆ ದೋಷ ಎಂದುಕೊಳ್ಳಬಹುದು, ಆದರೆ ಒಂದು ಅಪವಾದವಿದೆ. ಮಾನಿಟರನ್ನು ಎಬ್ಬಿಸಿ ಉದ್ದಕ್ಕೆ ನಿಲ್ಲಿಸಿದ್ದರೆ ಪ್ಯಾನೆಲ್ ಬರೆಯುವ ದಿಕ್ಕೂ ಜೊತೆಗೇ ತಿರುಗುತ್ತದೆ. ಆಗ ಗೆರೆ ಮೇಲಿಂದ ಕೆಳಕ್ಕೆ ಬೀಳುತ್ತದೆ. ಉದ್ದದ ಪ್ಯಾನೆಲ್ಲನ್ನೇ ಅಡ್ಡ ಕೂರಿಸಿ ಮಾಡಿರುವ ಕೈಯಲ್ಲಿ ಹಿಡಿಯುವ ಗೇಮಿಂಗ್ ಸಾಧನಗಳಲ್ಲೂ ಇದೇ ಕಥೆ.

ಗೆರೆಯ ವರ್ತನೆಯೇ ಸುಳಿವು

ಪರೀಕ್ಷೆಗೆ ಕಪ್ಪು ಹಿನ್ನೆಲೆಯಲ್ಲಿ ಬಿಳಿ ಪಟ್ಟಿ ಎಡಬಲ ಓಡುವ ವಿಡಿಯೊ ಬಹಳ ಒಳ್ಳೆಯದು. ಹುಡುಕಿದರೆ ಸಿಗುತ್ತದೆ. ಸಿಗದಿದ್ದರೆ ನೇರ ಅಂಚಿರುವ ಎತ್ತರದ ವಿಂಡೋ ಒಂದನ್ನು ಮೌಸ್‌ನಿಂದ ಹಿಡಿದು ಎಡಬಲ ಜೋರಾಗಿ ಅಲ್ಲಾಡಿಸಿ. ಪುಟ ಮೇಲೆ ಕೆಳಗೆ ಸ್ಕ್ರೋಲ್ ಮಾಡಿ ನೋಡುವುದು ಅಷ್ಟು ನಂಬುವ ಪರೀಕ್ಷೆಯಲ್ಲ, ಅಡ್ಡಗೆರೆ ಅಲ್ಲಿ ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ.

ಈಗ ಗೆರೆಯನ್ನೇ ನೋಡಿ. ಮನಬಂದಲ್ಲಿ ಹಾರುತ್ತಿದ್ದರೆ ಫ್ರೇಮ್ ರೇಟ್‌ಗೂ ರಿಫ್ರೆಶ್ ರೇಟ್‌ಗೂ ಸಂಬಂಧವೇ ಇಲ್ಲ, ಅಂದರೆ ವಿ-ಸಿಂಕ್ ಪೂರ್ತಿ ಆಫ್. ಪ್ರತಿ ಸಲ ಪರದೆಯ ಮೇಲಂಚಿನ ಹತ್ತಿರವೇ ನಡುಗುತ್ತಿದ್ದರೆ ವಿ-ಸಿಂಕ್ ಇದೆ, ಆದರೆ ಅದಲುಬದಲು ಬಿಡುವು ಕಳೆದ ಮೇಲೆ ಸ್ವಲ್ಪ ತಡವಾಗಿ ಆಗುತ್ತಿದೆ. ಇದು ಸಾಮಾನ್ಯವಾಗಿ ಡೆಸ್ಕ್‌ಟಾಪ್ ಅಥವಾ ಡ್ರೈವರ್ ಹಂತದ ತೊಂದರೆ.

ಮೂರನೆಯದು ನನಗೆ ತುಂಬಾ ಇಷ್ಟವಾದ ಸುಳಿವು: ಒಂದೇ ಗೆರೆ ನಿಧಾನವಾಗಿ ಪರದೆಯ ಉದ್ದಕ್ಕೂ ತೆವಳುತ್ತದೆ. ಹೀಗಾದರೆ ಗೇಮ್‌ನ ಫ್ರೇಮ್ ಮಿತಿ ಮತ್ತು ರಿಫ್ರೆಶ್ ರೇಟ್ ಹೆಚ್ಚುಕಡಿಮೆ ಒಂದೇ, ಆದರೆ ಪೂರ್ತಿ ಒಂದಲ್ಲ. ಎಷ್ಟೋ ಪರದೆಗಳು 60 ಎಂದು ಹೇಳಿಕೊಂಡು ನಿಜಕ್ಕೂ 59.94 ಹರ್ಟ್ಜ್‌ನಲ್ಲಿ ಓಡುತ್ತವೆ. ಗೇಮನ್ನು 60 ಫ್ರೇಮ್‌ಗೆ ಕಟ್ಟಿಹಾಕಿದರೆ ಸೆಕೆಂಡಿಗೆ 0.06ರಷ್ಟು ವ್ಯತ್ಯಾಸ. ಆ ಲೆಕ್ಕದಲ್ಲಿ ಗೆರೆ ಪರದೆಯ ಒಂದು ತುದಿಯಿಂದ ಇನ್ನೊಂದಕ್ಕೆ ಹೋಗಲು ಸುಮಾರು 17 ಸೆಕೆಂಡ್. ಗಡಿಯಾರ ಹಿಡಿದು ನೋಡಬಹುದು. "ಫ್ರೇಮ್ ಲಿಮಿಟ್ ಹಾಕಿದ್ದೀನಿ, ಆದರೂ ಬರುತ್ತೆ" ಎನ್ನುವ ದೂರಿಗೆ ಉತ್ತರ ಇದೇ. ಮಿತಿ ಹಾಕುವುದು ಬೇರೆ, ತಾಳಕ್ಕೆ ಸೇರಿಸುವುದು ಬೇರೆ.

ಇದರ ಜೊತೆಗೆ ಎಲ್ಲೆಲ್ಲಿ ಬರುತ್ತದೆ ಎಂದು ನೋಡಿಕೊಳ್ಳಿ. ಒಂದು ಗೇಮ್‌ನಲ್ಲಿ ಮಾತ್ರವೇ? ಬ್ರೌಸರ್ ವಿಡಿಯೊದಲ್ಲಿ ಮಾತ್ರವೇ? ವಿಂಡೋ ಎಳೆದರೂ ಬರುತ್ತದೆಯೇ? ಎರಡು ಮಾನಿಟರ್ ಇದ್ದರೆ ಒಂದರಲ್ಲಿ ಮಾತ್ರವೇ? ಮುಂದಿನ ದಾರಿ ಈ ಉತ್ತರದ ಮೇಲೆ ನಿಂತಿದೆ.

ಎಲ್ಲ ಕಡೆ ಬರುತ್ತಿದ್ದರೆ ಡ್ರೈವರ್ ನೋಡಿ

ವಿಂಡೋಸ್ 8ರಿಂದ ಈಚೆಗೆ ಡೆಸ್ಕ್‌ಟಾಪ್‌ನ ಎಲ್ಲ ವಿಂಡೋಗಳನ್ನೂ ಕಾಂಪೋಸಿಟರ್ ಒಂದು ಚಿತ್ರವಾಗಿ ಸೇರಿಸಿ, ಸರಿಯಾದ ಹೊತ್ತಿಗೆ ಪರದೆಗೆ ಕಳಿಸುತ್ತದೆ. ಅದನ್ನು ಆಫ್ ಮಾಡಲು ಬರುವುದಿಲ್ಲ. ವಿಂಡೋಸ್ 7ರಲ್ಲಿ ಏರೋ ತೆಗೆದು ಕ್ಲಾಸಿಕ್ ಥೀಮ್ ಹಾಕಿದರೆ ಟೇರಿಂಗ್ ಬರುತ್ತಿದ್ದುದು ಕಾಂಪೋಸಿಟರ್ ಆಫ್ ಆಗುತ್ತಿದ್ದುದರಿಂದಲೇ. ಅಂದಮೇಲೆ ವಿಂಡೋಸ್ 10 ಅಥವಾ 11ರಲ್ಲಿ ಬರೀ ವಿಂಡೋ ಎಳೆದರೂ ಹರಿಯುತ್ತಿದೆ ಎಂದರೆ ಡ್ರೈವರ್ ಸರಿಯಾಗಿ ಕೂತಿಲ್ಲ ಎಂದೇ ಮೊದಲ ಅನುಮಾನ. ಡಿವೈಸ್ ಮ್ಯಾನೇಜರ್ ತೆರೆದು ಡಿಸ್‌ಪ್ಲೇ ಅಡಾಪ್ಟರ್ಸ್ ನೋಡಿ. ಅಲ್ಲಿ ನಿಮ್ಮ ಕಾರ್ಡಿನ ಹೆಸರಿನ ಬದಲು "ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್" ಎಂದಿದ್ದರೆ ಕಾರಣ ಸಿಕ್ಕಿತು. ಕಾರ್ಡ್ ತಯಾರಕರ ಜಾಲತಾಣದಿಂದಲೇ ಡ್ರೈವರ್ ಇಳಿಸಿ ಹಾಕಿ.

ಅಲ್ಲೇ ರಿಫ್ರೆಶ್ ರೇಟ್ ಕೂಡ ನೋಡಿಬಿಡಿ. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ. 144 ಹರ್ಟ್ಜ್ ಮಾನಿಟರ್ ತಂದು 60ರಲ್ಲೇ ಓಡಿಸುತ್ತಿರುವವರು ಕಡಿಮೆ ಇಲ್ಲ. ಇದರಿಂದ ಟೇರಿಂಗ್ ಹುಟ್ಟುವುದಿಲ್ಲ, ಆದರೆ ಪ್ರತಿ ಗೆರೆ ಕಣ್ಣೆದುರು ಎರಡು ಪಟ್ಟಿಗಿಂತ ಜಾಸ್ತಿ ಹೊತ್ತು ನಿಲ್ಲುತ್ತದೆ.

ಮ್ಯಾಕ್‌ನಲ್ಲೂ ಡೆಸ್ಕ್‌ಟಾಪ್ ಕಾಂಪೋಸಿಟರ್ ಮೂಲಕವೇ ಬರುವುದರಿಂದ ಈ ತೊಂದರೆ ಅಪರೂಪ. ಬಂದರೆ ಹೊರಗಿನ ಮಾನಿಟರ್ ಅಥವಾ ಅಡಾಪ್ಟರ್ ಕಡೆ ನೋಡಿ.

ಗೇಮ್‌ನಲ್ಲಿ ಮಾತ್ರ ಬಂದರೆ

ಎಕ್ಸ್‌ಕ್ಲೂಸಿವ್ ಫುಲ್ ಸ್ಕ್ರೀನ್‌ನಲ್ಲಿ ಗೇಮ್ ಡೆಸ್ಕ್‌ಟಾಪ್ ಕಾಂಪೋಸಿಟರನ್ನು ದಾಟಿ ನೇರವಾಗಿ ಪರದೆಗೆ ಚಿತ್ರ ಕಳಿಸುತ್ತದೆ. ಟೇರಿಂಗ್‌ಗೆ ಬಾಗಿಲು ತೆರೆಯುವುದು ಅಲ್ಲಿ. ಹಾಗಾಗಿ ಮೊದಲ ಪರೀಕ್ಷೆ ಸುಲಭ: ಗೇಮ್‌ನ ವಿಡಿಯೊ ಸೆಟ್ಟಿಂಗ್‌ನಲ್ಲಿ ಬಾರ್ಡರ್‌ಲೆಸ್ ವಿಂಡೋ ಆರಿಸಿ. ಗೆರೆ ಹೋದರೆ ಮಾನಿಟರ್, ಕೇಬಲ್, ಡ್ರೈವರ್ ಎಲ್ಲ ಸರಿಯಿದೆ, ಗೇಮ್ ಮತ್ತು ಪರದೆಯ ನಡುವಿನ ಒಪ್ಪಂದ ಮಾತ್ರ ತಪ್ಪಿದೆ ಎಂದರ್ಥ. ನಿಧಾನ ಗತಿಯ ಗೇಮ್ ಆಡುವವರು ಅಲ್ಲಿಗೇ ನಿಲ್ಲಿಸಿದರೂ ಅಡ್ಡಿಯಿಲ್ಲ.

ನಿಲ್ಲಿಸದವರಿಗೆ ಮುಂದಿನದು ಗೇಮ್ ಒಳಗಿನ ವಿ-ಸಿಂಕ್. ಡ್ರೈವರ್‌ಗಿಂತ ಮೊದಲು ಇದನ್ನೇ ಪ್ರಯತ್ನಿಸಿ, ಯಾಕೆಂದರೆ ತನ್ನ ಫ್ರೇಮ್ ಯಾವಾಗ ಮುಗಿಯುತ್ತದೆ ಎಂದು ಗೇಮ್‌ಗೆ ಚೆನ್ನಾಗಿ ಗೊತ್ತು. ಅದು ಕೆಲಸ ಮಾಡದಿದ್ದರೆ ಮಾತ್ರ ಡ್ರೈವರ್ ಕಡೆಗೆ ಹೋಗಿ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಮ್ಯಾನೇಜ್ 3ಡಿ ಸೆಟ್ಟಿಂಗ್ಸ್ ಒಳಗೆ ವರ್ಟಿಕಲ್ ಸಿಂಕ್ ಇದೆ. ಎಎಂಡಿಯ ತಂತ್ರಾಂಶದಲ್ಲಿ ಅದರ ಹೆಸರು "ವೇಟ್ ಫಾರ್ ವರ್ಟಿಕಲ್ ರಿಫ್ರೆಶ್". ಎರಡರಲ್ಲೂ ಎಲ್ಲ ಗೇಮ್‌ಗೂ ಅನ್ವಯಿಸುವ ಜಾಗ ಬಿಟ್ಟು ಆ ಒಂದು ಗೇಮ್‌ನ ಪ್ರೊಫೈಲ್‌ನಲ್ಲಿ ಬದಲಿಸಿ. ಡ್ರೈವರ್‌ನಲ್ಲಿ "ಆಲ್ವೇಸ್ ಆಫ್" ಎಂದು ಯಾವತ್ತೋ ಇಟ್ಟಿದ್ದರೆ ಗೇಮ್ ಒಳಗಿನ ವಿ-ಸಿಂಕ್ ಆನ್ ಎಂದು ತೋರಿಸುತ್ತಲೇ ಇರುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ಇದನ್ನು ಒಮ್ಮೆ ನೋಡಿಕೊಂಡರೆ ಎಷ್ಟೋ ಹೊತ್ತು ಉಳಿಯುತ್ತದೆ.

ವಿ-ಸಿಂಕ್‌ಗೆ ಬೆಲೆ ಇದೆ. ಮೊದಲನೆಯದು ತಡ: ಮುಗಿದ ಫ್ರೇಮ್ ಬಿಡುವಿಗಾಗಿ ಕಾಯುವಾಗ ನಿಮ್ಮ ಮೌಸ್ ಕ್ಲಿಕ್ ಕೂಡ ಅದರ ಜೊತೆ ಕಾಯುತ್ತದೆ. ಎರಡನೆಯದು ಇನ್ನೂ ಕಿರಿಕಿರಿ. 60 ಹರ್ಟ್ಜ್‌ನಲ್ಲಿ ಬರೀ ಎರಡು ಬಫರ್ ಇರುವಾಗ ಒಂದು ಫ್ರೇಮ್‌ಗೆ 17 ಮಿಲಿಸೆಕೆಂಡ್ ಹಿಡಿಯಿತು ಎನ್ನಿ. 16.7ರ ಬಸ್ ತಪ್ಪಿತು, ಮುಂದಿನದು 33.3ಕ್ಕೆ. ಪ್ರತಿ ಫ್ರೇಮ್ ಹೀಗಾದರೆ 58 ಫ್ರೇಮ್ ಕೊಡಬಲ್ಲ ಕಾರ್ಡ್ ನೇರ 30ಕ್ಕೆ ಬೀಳುತ್ತದೆ. "ವಿ-ಸಿಂಕ್ ಹಾಕಿದರೆ ಗೇಮ್ ಅರ್ಧ ಆಗುತ್ತೆ" ಎನ್ನುವುದು ಸುಳ್ಳಲ್ಲ. ಮದ್ದು ಎರಡು: ಟ್ರಿಪಲ್ ಬಫರಿಂಗ್ (ಮೂರನೆಯ ಬಫರ್ ಕೊಡುವುದು) ಇದ್ದರೆ ಆನ್ ಮಾಡುವುದು, ಇಲ್ಲವೇ ನೆರಳು, ಪ್ರತಿಫಲನದಂಥ ಭಾರದ ಸೆಟ್ಟಿಂಗ್ ಇಳಿಸಿ ಕಾರ್ಡ್‌ಗೆ ಸ್ವಲ್ಪ ಉಸಿರಾಡಲು ಬಿಡುವುದು. ನಾನಾದರೆ ಎರಡನೆಯದನ್ನೇ ಮೊದಲು ಮಾಡುತ್ತೇನೆ.

ಡ್ರೈವರ್ ಪಟ್ಟಿಯಲ್ಲಿ "ಅಡಾಪ್ಟಿವ್" ಎಂದೊಂದು ಇರುತ್ತದೆ. ಫ್ರೇಮ್ ರೇಟ್ ಸಾಕಷ್ಟಿದ್ದಾಗ ವಿ-ಸಿಂಕ್ ಆನ್, ಕೆಳಗಿಳಿದರೆ ಆಫ್. ಅರ್ಧಕ್ಕೆ ಬೀಳುವುದು ತಪ್ಪುತ್ತದೆ, ಆದರೆ ಇಳಿದಾಗ ಗೆರೆ ವಾಪಸ್. "ಫಾಸ್ಟ್" ಮತ್ತು ಎಎಂಡಿಯ "ಎನ್‌ಹಾನ್ಸ್ಡ್ ಸಿಂಕ್" ಇನ್ನೊಂದು ಬಗೆ. ಕಾರ್ಡನ್ನು ಅದರ ವೇಗದಲ್ಲೇ ಓಡಲು ಬಿಟ್ಟು, ಬಿಡುವು ಬಂದಾಗ ಮುಗಿದಿರುವ ಕೊನೆಯ ಫ್ರೇಮ್ ಮಾತ್ರ ತೋರಿಸುತ್ತವೆ. ಫ್ರೇಮ್ ರೇಟ್ ರಿಫ್ರೆಶ್ ರೇಟ್‌ನ ಎರಡು ಪಟ್ಟಾದರೂ ಇದ್ದರೆ ಇವು ಚೆನ್ನ. ಇಲ್ಲದಿದ್ದರೆ ತಡವರಿಕೆ.

ವೇರಿಯಬಲ್ ರಿಫ್ರೆಶ್ ರೇಟ್: ಇದ್ದವರೇ ಪುಣ್ಯವಂತರು

ಕಾರ್ಡ್ ಪರದೆಗಾಗಿ ಕಾಯುವ ಬದಲು ಪರದೆಯೇ ಕಾರ್ಡ್‌ಗಾಗಿ ಕಾದರೆ? ಅದೇ ವೇರಿಯಬಲ್ ರಿಫ್ರೆಶ್ ರೇಟ್. ಈ ಬಗೆಯ ಎನ್‌ವಿಡಿಯಾ ಜಿ-ಸಿಂಕ್ 2013ರಲ್ಲಿ ಪ್ರಕಟವಾಯಿತು. 2014ರಲ್ಲಿ ಪರದೆಗಳ ಮಾನದಂಡ ರೂಪಿಸುವ ವೆಸಾ ಸಂಸ್ಥೆ ಇಂಥದ್ದೇ ಅಡಾಪ್ಟಿವ್-ಸಿಂಕ್ ಅನ್ನು ಮಾನಿಟರ್ ಜೋಡಿಸುವ ಡಿಸ್‌ಪ್ಲೇಪೋರ್ಟ್ 1.2ಎ ಮಾನದಂಡಕ್ಕೆ ಸೇರಿಸಿತು. ಎಎಂಡಿಯ ಫ್ರೀಸಿಂಕ್ ಅದರ ಮೇಲೆ ನಿಂತಿದೆ. 2019ರ ಜನವರಿಯಿಂದ ಎನ್‌ವಿಡಿಯಾ ಡ್ರೈವರ್‌ಗಳೂ ಅಡಾಪ್ಟಿವ್-ಸಿಂಕ್ ಮಾನಿಟರ್‌ಗಳ ಜೊತೆ ಕೆಲಸ ಮಾಡುತ್ತವೆ. ಎಚ್‌ಡಿಎಂಐ 2.1ರಲ್ಲೂ ಈ ಸೌಲಭ್ಯವಿದೆ.

ಮಾನಿಟರ್ ಪೆಟ್ಟಿಗೆಯ ಮೇಲೆ ಈ ಸೌಲಭ್ಯ ಇದೆ ಎಂದು ಬರೆದಿದೆ, ಆದರೂ ಗೆರೆ ಬರುತ್ತಿದೆ ಎನ್ನುವವರು ಮೊದಲು ಮಾನಿಟರ್‌ನ ಸ್ವಂತ ಮೆನು ತೆರೆಯಿರಿ. ಎಷ್ಟೋ ಮಾನಿಟರ್‌ಗಳಲ್ಲಿ ಫ್ರೀಸಿಂಕ್ ಆಫ್ ಆಗಿಯೇ ಬರುತ್ತದೆ. ಆಮೇಲೆ ಡ್ರೈವರ್‌ನಲ್ಲಿ ಆನ್ ಮಾಡಿ. ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಮಾನಿಟರ್ ಮೆನುವಿನಲ್ಲಿರುವ ರಿಫ್ರೆಶ್ ರೇಟ್ ತೋರಿಸುವ ಆಯ್ಕೆ ಬಳಸಿ. ಗೇಮ್ ಆಡುವಾಗ ಆ ಅಂಕಿ 97, 112, 88 ಎಂದು ಕುಣಿಯುತ್ತಿರಬೇಕು. 144 ಎಂದು ಅಲುಗಾಡದೆ ನಿಂತಿದ್ದರೆ ಆನ್ ಆಗಿಲ್ಲ.

ಆನ್ ಆಗಿದ್ದರೂ ಗೆರೆ ಬಂದರೆ? ಪ್ರತಿ ಮಾನಿಟರ್‌ಗೂ ಒಂದು ವ್ಯಾಪ್ತಿ ಇದೆ, ಉದಾಹರಣೆಗೆ 48ರಿಂದ 144 ಹರ್ಟ್ಜ್. ಗೇಮ್ 160 ಫ್ರೇಮ್‌ಗೆ ಏರಿದರೆ ಅಷ್ಟು ಹೊತ್ತೂ ತಾಳ ಬಿಟ್ಟುಹೋಗುತ್ತದೆ. ಅದಕ್ಕೇ ಫ್ರೇಮ್ ಮಿತಿಯನ್ನು ಗರಿಷ್ಠಕ್ಕಿಂತ ಸ್ವಲ್ಪ ಕೆಳಗೆ ಇಡಿ. 144ಕ್ಕೆ 138 ಅಥವಾ 141 ಚೆನ್ನಾಗಿ ಹೊಂದುತ್ತದೆ. ಜೊತೆಗೆ ಡ್ರೈವರ್‌ನಲ್ಲಿ ವಿ-ಸಿಂಕ್ ಆನ್, ಗೇಮ್ ಒಳಗೆ ಆಫ್. ವಿಚಿತ್ರ ಅನ್ನಿಸಬಹುದು, ಆದರೆ ವ್ಯಾಪ್ತಿಯೊಳಗೆ ಇರುವವರೆಗೆ ಈ ವಿ-ಸಿಂಕ್ ಹಳೆಯ ರೀತಿಯ ತಡ ತರುವುದಿಲ್ಲ. ಒಂದೊಂದು ಫ್ರೇಮ್ ಏರುಪೇರಾಗಿ ಬಂದಾಗ ಮಾತ್ರ ಗೆರೆ ಬೀಳದಂತೆ ಹಿಡಿಯುತ್ತದೆ.

ಕೆಳಗಿನ ತುದಿಯಲ್ಲಿ ಇನ್ನೊಂದು ಸಮಸ್ಯೆ. 48-144ರಂಥ ಅಗಲ ವ್ಯಾಪ್ತಿ ಇದ್ದರೆ ಗೇಮ್ 40ಕ್ಕೆ ಇಳಿದಾಗ ಡ್ರೈವರ್ ಒಂದೊಂದು ಫ್ರೇಮನ್ನು ಎರಡು ಸಲ ತೋರಿಸಿ 80ರಲ್ಲಿ ಓಡಿಸುತ್ತದೆ. 48-75ರಂಥ ಕಿರಿದಾದ ವ್ಯಾಪ್ತಿಯಲ್ಲಿ ಆ ಉಪಾಯಕ್ಕೆ ಜಾಗವಿಲ್ಲ. ಅಂಥ ಮಾನಿಟರ್ ಇರುವವರು ಗ್ರಾಫಿಕ್ಸ್ ಗುಣಮಟ್ಟ ಇಳಿಸಿಯಾದರೂ 48ಕ್ಕಿಂತ ಮೇಲಿರುವುದು ಒಳ್ಳೆಯದು. ಇನ್ನೊಂದು ಮಾತು: ವೇರಿಯಬಲ್ ರಿಫ್ರೆಶ್ ಆನ್ ಮಾಡಿದ ಮೇಲೆ ಕತ್ತಲ ದೃಶ್ಯಗಳಲ್ಲಿ ಬೆಳಕು ಮಿಣುಕಿದರೆ ಹೆದರಬೇಡಿ. ವಿಎ ಮತ್ತು ಓಎಲ್‌ಇಡಿ ಪ್ಯಾನೆಲ್‌ಗಳಲ್ಲಿ ರಿಫ್ರೆಶ್ ರೇಟ್ ಜೋರಾಗಿ ಏರಿಳಿದಾಗ ಹೀಗಾಗುವುದುಂಟು. ಫ್ರೇಮ್ ರೇಟ್ ಸ್ಥಿರವಾಗಿಟ್ಟರೆ ಕಡಿಮೆಯಾಗುತ್ತದೆ.

ವಿಡಿಯೊದಲ್ಲಿ ಮಾತ್ರ ಬಂದರೆ

ಇದು ಚಿಕ್ಕ ಕೆಲಸ. ಬ್ರೌಸರ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಹಾರ್ಡ್‌ವೇರ್ ಅಥವಾ ಗ್ರಾಫಿಕ್ಸ್ ಆಕ್ಸೆಲರೇಶನ್ (ಕೆಲಸವನ್ನು ಗ್ರಾಫಿಕ್ಸ್ ಕಾರ್ಡ್‌ಗೆ ಒಪ್ಪಿಸುವುದು) ಆನ್ ಇದೆಯೇ ನೋಡಿ, ಬದಲಿಸಿ, ಬ್ರೌಸರ್ ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಆಮೇಲೆ ಇನ್ನೊಂದು ಬ್ರೌಸರ್‌ನಲ್ಲಿ ಅದೇ ವಿಡಿಯೊ ಓಡಿಸಿ. ಒಂದರಲ್ಲಿ ಮಾತ್ರ ಹರಿಯುತ್ತಿದ್ದರೆ ಬ್ರೌಸರ್ ದೋಷ. ವಿಎಲ್‌ಸಿ ಪ್ಲೇಯರ್‌ನಲ್ಲಿ ವಿಡಿಯೊ ಔಟ್‌ಪುಟ್ ಮಾಡ್ಯೂಲ್ ಬದಲಿಸಿ ನೋಡಿ. ವಿಂಡೋಸ್‌ನಲ್ಲಿ ಡೈರೆಕ್ಟ್3ಡಿ11, ಲಿನಕ್ಸ್‌ನಲ್ಲಿ ಓಪನ್‌ಜಿಎಲ್.

ಲಿನಕ್ಸ್‌ನಲ್ಲಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಲಿನಕ್ಸ್ ಬಳಕೆದಾರರಿಂದ ಟೇರಿಂಗ್ ದೂರು ಆಗಾಗ ಕೇಳಿಬರುತ್ತದೆ, ಅದಕ್ಕೆ ಕಾರಣವೂ ಇದೆ. ಪರದೆಯ ಮೇಲೆ ವಿಂಡೋಗಳನ್ನು ತೋರಿಸುವ ಹಳೆಯ ವ್ಯವಸ್ಥೆಯಾದ ಎಕ್ಸ್11 ಬಂದದ್ದು 1987ರಲ್ಲಿ. ಪ್ರತಿ ಫ್ರೇಮ್ ಪೂರ್ತಿಯಾಗಿಯೇ ಪರದೆ ಸೇರಬೇಕು ಎಂಬ ನಿಯಮ ಅದರ ವಿನ್ಯಾಸದಲ್ಲಿಲ್ಲ. ಆಮೇಲೆ ಬಂದ ಕಾಂಪೋಸಿಟರ್, ಡ್ರೈವರ್‌ಗಳು ತಮ್ಮ ತಮ್ಮ ರೀತಿಯಲ್ಲಿ ತೇಪೆ ಹಾಕಿವೆ. ಅದರ ಬದಲಿಗೆಂದು 2008ರಲ್ಲಿ ಶುರುವಾದ ವೇಲ್ಯಾಂಡ್‌ನ ಗುರಿಗಳಲ್ಲಿ ಒಂದು ಈ ತೇಪೆಯಿಂದ ತಪ್ಪಿಸಿಕೊಳ್ಳುವುದೇ.

ಹಾಗಾಗಿ ಮೊದಲ ಪ್ರಶ್ನೆ: ನೀವು ಯಾವುದರಲ್ಲಿದ್ದೀರಿ? ಗ್ನೋಮ್ ಡೆಸ್ಕ್‌ಟಾಪ್ ಆದರೆ ಸೆಟ್ಟಿಂಗ್ಸ್‌ನ ಅಬೌಟ್ ಪುಟದಲ್ಲಿ ವಿಂಡೋಯಿಂಗ್ ಸಿಸ್ಟಮ್ ಎಂಬ ಸಾಲಿರುತ್ತದೆ. ಎಕ್ಸ್11 ಎಂದಿದ್ದರೆ ಲಾಗ್ ಔಟ್ ಆಗಿ, ಲಾಗಿನ್ ಪರದೆಯ ಮೂಲೆಯ ಗೇರ್ ಗುರುತಿನಲ್ಲಿ ವೇಲ್ಯಾಂಡ್ ಆರಿಸಿ ಒಳಗೆ ಬನ್ನಿ. ಅದೇ ಬಿಳಿ ಪಟ್ಟಿ ವಿಡಿಯೊ ಓಡಿಸಿ. ಹೆಚ್ಚಿನವರ ಕೆಲಸ ಇಲ್ಲಿಗೇ ಮುಗಿಯುತ್ತದೆ. ವೇಲ್ಯಾಂಡ್‌ನಲ್ಲೂ ಫುಲ್ ಸ್ಕ್ರೀನ್ ಗೇಮ್ ಹರಿಯುತ್ತಿದ್ದರೆ ಅದು ಬೇಕೆಂದೇ ಬಿಟ್ಟಿರುವ ಕಿಟಕಿ ಇರಬಹುದು: ಕೆಡಿಇ ಪ್ಲಾಸ್ಮಾ 6 ಡೆಸ್ಕ್‌ಟಾಪ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಫುಲ್ ಸ್ಕ್ರೀನ್‌ಗೆ ಟೇರಿಂಗ್ ಅನುಮತಿಸುವ ಆಯ್ಕೆ ಇದೆ. ತಡ ಕಡಿಮೆ ಬೇಕೆನ್ನುವ ಆಟಗಾರರಿಗಾಗಿ ಅದು. ಬೇಡದಿದ್ದರೆ ಟಿಕ್ ತೆಗೆಯಿರಿ.

ಎಕ್ಸ್11 ಬಿಡುವಂತಿಲ್ಲ ಎಂದಾದರೆ ಮೊದಲು ಜಿಎಲ್‌ಎಕ್ಸ್‌ಗಿಯರ್ಸ್ ಎಂಬ ಪುಟ್ಟ ಪ್ರೋಗ್ರಾಮನ್ನು ಟರ್ಮಿನಲ್‌ನಿಂದ ಓಡಿಸಿ. ಮೂರು ಬಣ್ಣದ ಹಲ್ಲುಚಕ್ರ ತಿರುಗುತ್ತವೆ, ಟರ್ಮಿನಲ್‌ನಲ್ಲಿ ಐದೈದು ಸೆಕೆಂಡಿಗೊಮ್ಮೆ ಫ್ರೇಮ್ ರೇಟ್ ಬರುತ್ತದೆ. 60 ಹರ್ಟ್ಜ್ ಪರದೆಯಲ್ಲಿ ಅಂಕಿ 60ರ ಆಸುಪಾಸು ಇದ್ದರೆ ಗ್ರಾಫಿಕ್ಸ್ ಬರೆಯುವ ಓಪನ್‌ಜಿಎಲ್ ಹಂತದಲ್ಲಿ ವಿ-ಸಿಂಕ್ ಇದೆ. ಸಾವಿರಗಟ್ಟಲೆ ಬಂದರೆ ಇಲ್ಲ. ಜೊತೆಗೆ ಚಿತ್ರ ಬರೆಯುವ ರೆಂಡರರ್ ಹೆಸರು ನೋಡಿ. ಎಲ್‌ಎಲ್‌ವಿಎಂಪೈಪ್ ಎಂದು ಬಂದರೆ ಗ್ರಾಫಿಕ್ಸ್ ಕಾರ್ಡ್ ಕೆಲಸವೇ ಮಾಡುತ್ತಿಲ್ಲ, ಪ್ರೊಸೆಸರ್ ಚಿತ್ರ ಬರೆಯುತ್ತಿದೆ. ಇನ್‌ಸ್ಟಾಲ್ ಮಾಡುವಾಗ ಹಾಕಿದ ನೋಮೋಡ್‌ಸೆಟ್ ಎಂಬ ಬೂಟ್ ಆಯ್ಕೆ ಹಾಗೇ ಉಳಿದುಬಿಟ್ಟಿದೆಯೇ ನೋಡಿ. ಅದನ್ನು ತೆಗೆಯದೆ ಬೇರೆ ಯಾವ ಮದ್ದೂ ನಾಟುವುದಿಲ್ಲ.

ಮುಂದಿನ ದಾರಿ ನಿಮ್ಮ ಕಾರ್ಡ್ ಯಾವುದು ಎಂಬುದರ ಮೇಲೆ. ಎಎಂಡಿ ಡ್ರೈವರ್‌ಗೂ ಇಂಟೆಲ್‌ನ ಹಳೆಯ ಎಕ್ಸ್ ಡ್ರೈವರ್‌ಗೂ ಗೆರೆ ತಡೆಯುವ ಟೇರ್‌ಫ್ರೀ ಎಂಬ ಆಯ್ಕೆ ಇದೆ. ಎಕ್ಸ್‌ಆರ್ಗ್ (ಎಕ್ಸ್11 ನಡೆಸುವ ಪ್ರೋಗ್ರಾಮ್) ಸಂರಚನೆಯ ಫೋಲ್ಡರ್‌ನಲ್ಲಿ ಪುಟ್ಟ ಫೈಲ್ ಒಂದನ್ನಿಟ್ಟು, ಡಿವೈಸ್ ವಿಭಾಗದಲ್ಲಿ ಅದನ್ನು ಆನ್ ಮಾಡಿ, ಲಾಗ್ ಔಟ್ ಆಗಿ ಬರಬೇಕು. ಈ ಫೈಲ್‌ನಲ್ಲಿ ಒಂದಕ್ಷರ ತಪ್ಪಿದರೂ ಪರದೆ ಕಪ್ಪಾಗಿ ಕೂರಬಹುದು. ಹಾಗಾದರೆ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ ಕನ್ಸೋಲ್‌ಗೆ ಹೋಗಿ ಆ ಫೈಲ್ ಅಳಿಸಿ ರೀಬೂಟ್ ಮಾಡಿ. ಫೈಲ್‌ನ ಹೆಸರು, ಜಾಗ ಮೊದಲೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಎನ್‌ವಿಡಿಯಾ ಡ್ರೈವರ್ ಆದರೆ ಅದರ ಸೆಟ್ಟಿಂಗ್ಸ್ ಪ್ರೋಗ್ರಾಮ್‌ನಲ್ಲಿ ಎಕ್ಸ್ ಸರ್ವರ್ ಡಿಸ್‌ಪ್ಲೇ ಕಾನ್ಫಿಗರೇಶನ್, ಅಡ್ವಾನ್ಸ್ಡ್, ಆಮೇಲೆ "ಫೋರ್ಸ್ ಫುಲ್ ಕಾಂಪೊಸಿಶನ್ ಪೈಪ್‌ಲೈನ್". ಟಿಕ್ ಹಾಕಿ ಅಪ್ಲೈ ಒತ್ತಿದ ಕೂಡಲೇ ವ್ಯತ್ಯಾಸ ಕಾಣುತ್ತದೆ. ರೀಬೂಟ್ ಆದರೆ ಹೋಗುತ್ತದೆ, ಹಾಗಾಗಿ ಸರಿಯೆನಿಸಿದ ಮೇಲೆ ಸಂರಚನೆಯ ಫೈಲ್‌ಗೆ ಉಳಿಸಿ. ಗೇಮ್ ವೇಗದಲ್ಲಿ ಸ್ವಲ್ಪ ನಷ್ಟವಿದೆ.

ಇಂಟೆಲ್ ಮತ್ತು ಎನ್‌ವಿಡಿಯಾ ಎರಡೂ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಈ ಟಿಕ್ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಚಿತ್ರ ಬರೆಯುವುದು ಎನ್‌ವಿಡಿಯಾ, ಪ್ಯಾನೆಲ್ ಸೇರಿರುವುದು ಇಂಟೆಲ್‌ಗೆ. ಎರಡರ ನಡುವೆ ಫ್ರೇಮ್ ದಾಟಿಸುವಾಗ ತಾಳ ತಪ್ಪುತ್ತದೆ. ಎನ್‌ವಿಡಿಯಾ ಡ್ರೈವರ್‌ನ ಭಾಗವಾದ ಡಿಆರ್‌ಎಂ ಮಾಡ್ಯೂಲ್‌ನ ಮೋಡ್‌ಸೆಟ್ ಆಯ್ಕೆಯನ್ನು 1ಕ್ಕೆ ಇಟ್ಟರೆ ಎರಡರ ತಾಳ ಹೊಂದಿಸುವ ಪ್ರೈಮ್ ಸಿಂಕ್ ಶುರುವಾಗಿ ಸರಿಹೋಗುತ್ತದೆ.

ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಬಳಸುವವರು ವಿಂಡೋ ಮ್ಯಾನೇಜರ್ ಟ್ವೀಕ್ಸ್‌ನಲ್ಲಿ ಕಾಂಪೋಸಿಟರ್ ಆನ್ ಇದೆಯೇ ನೋಡಿ. ಹಗುರವಾಗಲಿ ಎಂದು ಅದನ್ನು ಆಫ್ ಮಾಡಿರುವವರು ಬಹಳ. ಬರೀ ವಿಂಡೋ ಮ್ಯಾನೇಜರ್ ಇಟ್ಟುಕೊಂಡವರಿಗೆ ಪಿಕಾಮ್ ಎಂಬ ಕಾಂಪೋಸಿಟರ್ ಇದೆ, ವಿ-ಸಿಂಕ್ ಆನ್ ಮಾಡಿ ಓಡಿಸಿ. ಆದರೆ ಪಿಕಾಮ್, ಟೇರ್‌ಫ್ರೀ, ಗೇಮ್‌ನ ವಿ-ಸಿಂಕ್ ಮೂರನ್ನೂ ಒಂದರ ಮೇಲೊಂದು ಪೇರಿಸಬೇಡಿ. ಪ್ರತಿಯೊಂದೂ ತನ್ನ ಪಾಲಿನ ಕಾಯುವಿಕೆ ಸೇರಿಸುತ್ತದೆ. ಒಂದು ಹಾಕಿ, ಪಟ್ಟಿ ವಿಡಿಯೊ ನೋಡಿ, ಸಾಲದಿದ್ದರೆ ಅದನ್ನು ತೆಗೆದು ಇನ್ನೊಂದು ಹಾಕಿ.

ಎರಡು ಮಾನಿಟರ್, ಡಾಕ್, ಅಡಾಪ್ಟರ್

ಒಂದು 144, ಇನ್ನೊಂದು 60 ಹರ್ಟ್ಜ್ ಇರುವಾಗ ಎಕ್ಸ್11ನ ಕಾಂಪೋಸಿಟರ್ ಸಾಮಾನ್ಯವಾಗಿ ಒಂದೇ ಪರದೆಯ ತಾಳಕ್ಕೆ ಹೆಜ್ಜೆ ಹಾಕುತ್ತದೆ. ಇನ್ನೊಂದರಲ್ಲಿ ಗೆರೆ ಅಥವಾ ತಡವರಿಕೆ. ಖಚಿತಪಡಿಸಿಕೊಳ್ಳಲು ಒಂದು ಮಾನಿಟರ್ ಕೇಬಲ್ ಕಿತ್ತು ನೋಡಿ. ದೋಷ ಹೋದರೆ ಎರಡನ್ನೂ ಒಂದೇ ರೇಟ್‌ಗೆ, ಇಲ್ಲವೇ 120 ಮತ್ತು 60ರಂತೆ ಸರಿಯಾಗಿ ಭಾಗವಾಗುವ ಜೋಡಿಗೆ ಇಟ್ಟು ಪರೀಕ್ಷಿಸಿ. ವೇಲ್ಯಾಂಡ್‌ನಲ್ಲಿ ಈ ರಗಳೆ ಇಲ್ಲ.

ಡಾಕ್ (ಲ್ಯಾಪ್‌ಟಾಪ್‌ಗೆ ಮಾನಿಟರ್ ಮುಂತಾದವನ್ನು ಸೇರಿಸುವ ಪೆಟ್ಟಿಗೆ) ಮೂಲಕ ಸೇರಿಸಿದ ಮಾನಿಟರ್‌ನಲ್ಲಿ ಮಾತ್ರ ಹರಿದರೆ ಆ ಡಾಕ್ ಯಾವ ಬಗೆಯದು ಎಂದು ತಿಳಿಯಿರಿ. ಯುಎಸ್‌ಬಿ-ಸಿ ಮೂಲಕ ಡಿಸ್‌ಪ್ಲೇಪೋರ್ಟ್ ಸಿಗ್ನಲ್ಲನ್ನೇ ಸಾಗಿಸುವ ಡಾಕ್ ಆದರೆ ಅದು ನೇರ ಕೇಬಲ್ ಇದ್ದ ಹಾಗೆ. ಚಿತ್ರವನ್ನು ಪ್ರೊಸೆಸರ್‌ನಿಂದ ಕುಗ್ಗಿಸಿ ಸಾಮಾನ್ಯ ಯುಎಸ್‌ಬಿ ಡೇಟಾ ಆಗಿ ಕಳಿಸುವ ಬಗೆಯಾದರೆ ಗ್ರಾಫಿಕ್ಸ್ ಕಾರ್ಡ್‌ನ ವಿ-ಸಿಂಕ್ ಅದಕ್ಕೆ ತಲುಪುವುದೇ ಇಲ್ಲ. ಬೇಕಾದ ಡ್ರೈವರ್ ಹೊಸದು ಮಾಡಿ ನೋಡಬಹುದು. ಆದರೂ ಅದರಲ್ಲಿ ಪತ್ರ ಬರೆಯಿರಿ, ಲೆಕ್ಕ ಮಾಡಿ, ಗೇಮ್ ಮತ್ತು ವಿಡಿಯೊ ಮಾತ್ರ ನೇರ ಕೇಬಲ್ ಇರುವ ಪರದೆಗೆ ಬಿಡಿ. ರಿಮೋಟ್ ಡೆಸ್ಕ್‌ಟಾಪ್ ಮತ್ತು ವರ್ಚುವಲ್ ಮೆಷೀನ್ ಒಳಗೆ ಕಾಣುವ ಗೆರೆಗೂ ಇದೇ ಮಾತು: ಒಳಗಿನ ವ್ಯವಸ್ಥೆಗೆ ನಿಮ್ಮ ನಿಜವಾದ ಪರದೆಯ ಬಿಡುವು ಯಾವಾಗ ಬರುತ್ತದೆ ಎಂದು ಗೊತ್ತಾಗುವುದಿಲ್ಲ. ಅಲ್ಲಿ ವಿ-ಸಿಂಕ್ ತಿರುಗಿಸುತ್ತಾ ಕೂರಬೇಡಿ, ಅದೇ ವಿಡಿಯೊವನ್ನು ಹೊರಗಿನ ವ್ಯವಸ್ಥೆಯಲ್ಲಿ ಓಡಿಸಿ ನೋಡಿ. ಹೊರಗೆ ಸ್ವಚ್ಛವಾಗಿದ್ದರೆ ನಿಮ್ಮ ಯಂತ್ರದಲ್ಲಿ ಸರಿಮಾಡುವಂಥದ್ದು ಏನೂ ಇಲ್ಲ.